ಸಿದ್ದಕ್ಕ ಹೇಳಿದ ಹೆಸರು

ನನ್ನ ಅತ್ತೆ ಸಿದ್ದಕ್ಕನಿಗೆ ಇಂಗ್ಲಿಷಿನಲ್ಲಿ ಹೆಚ್ಚೆಂದರೆ ಎರಡು ಶಬ್ದ ಬರುತ್ತವೆ. ಆದರೆ ಆ ಎರಡನ್ನು ಆಕೆ ಹೇಳುವ ಹಾಗೆ ನಮ್ಮ ಓಣಿಯಲ್ಲಿ ಯಾರೂ ಹೇಳಲಾರರು ಎಂದರೆ ನನ್ನ ತವರಿನವರು ನಗುತ್ತಾರೆ. ನಗಲಿ. ಬಿ.ಎ. ಓದಿದ ನಾನೇ ಅವುಗಳಲ್ಲಿ ಒಂದು ಹೆಸರನ್ನು ಮೊದಲ ಸಲ ಹೇಳಲು ಹೋಗಿ ನಡುವೆ ಎಡವಿದ್ದೆ. ಆಕೆ ಎಡವಲಿಲ್ಲ. ಆ ಹೆಸರು ಹೇಳುವಾಗ ಆಕೆ ಏನನ್ನು ಪಣಕ್ಕಿಟ್ಟಿದ್ದಳು ಎನ್ನುವುದು ನನಗೂ ಬಹಳ ತಡವಾಗಿ ತಿಳಿಯಿತು. ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಿಪ್ಪರಗಿ. ಗಂಡ ಶಶಿಕಾಂತ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮಾವ ಧರೆಪ್ಪ ಈ ವಯಸ್ಸಿನಲ್ಲೂ ಕುರಿಹಿಂಡು ಬಿಟ್ಟವನಲ್ಲ. ಬೆಳಗಿನಿಂದ ಸಂಜೆಯವರೆಗೆ ಆತ ಆಡುವ ಮಾತುಗಳನ್ನೆಲ್ಲ ಕೂಡಿಸಿದರೂ ಒಂದು ಬೊಗಸೆ ತುಂಬುವುದಿಲ್ಲ. ಆ ಕೊರತೆಯನ್ನು ಅತ್ತೆ ಒಬ್ಬಳೇ ತುಂಬುತ್ತಾಳೆ. ಆಕೆ ಕುರಿಗಳಿಗೆ ಮದ್ದು ಕೊಡುವವಳು. ಕುರಿಯ ಹೊಟ್ಟೆ ಉಬ್ಬಿ ನಿಂತರೆ ಬೀಳಗಿ, ಮುಧೋಳದ ಕಡೆಯ ಕುರುಬರೂ ಮೋಟರ್‌ಸೈಕಲ್ ಮೇಲೆ ಬಂದು ಆಕೆಯನ್ನು ಕೂರಿಸಿಕೊಂಡು ಹೋಗುತ್ತಾರೆ.

ಆ ಮದ್ದಿಗೆ ಒಂದು ಕಟ್ಟು ಇತ್ತು. ಸೂರ್ಯ ಮೂಡುವ ಮೊದಲೇ ಹೋಗಿ ಬೇರು ತರಬೇಕು, ದಾರಿಯಲ್ಲಿ ಯಾರು ಕರೆದರೂ ಓ ಎನ್ನಬಾರದು, ತಂದದ್ದನ್ನು ಅರೆದು ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಅದರ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಗುಣ ಹೋಗುತ್ತದೆ. ಕೊನೆಗಾಲದಲ್ಲಿ ಒಬ್ಬರ ಕಿವಿಯಲ್ಲಿ ಹೇಳಿ ಹೋಗಬಹುದು, ಆದರೆ ಹೇಳಿದವರ ಕೈಗುಣ ಆ ಕ್ಷಣಕ್ಕೇ ಕೇಳಿದವರ ಪಾಲಾಗುತ್ತದೆ. ಅತ್ತೆಯ ಅತ್ತೆ ಹಾಗೆಯೇ ಹೇಳಿ ಹೋಗಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಆಸೆಯಿಂದ ಕೇಳಿದ್ದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಅವಸರವಿದ್ದರೆ ಮೊದಲು ಹಿಟ್ಟು ನಾದುವುದನ್ನು ಕಲಿ ಎಂದಳು. ಆಮೇಲೆ ನಾನು ಕೇಳಲಿಲ್ಲ. ಆದರೆ ಹೊಟ್ಟೆಯೊಳಗೆ ಆ ಸಿಟ್ಟು ಇತ್ತು, ಇಲ್ಲ ಎನ್ನಲಾರೆ.

ಮದ್ದು ಕೊಡುವ ಮೊದಲು ಆಕೆ ಕೇಳುವ ಪ್ರಶ್ನೆ ಒಂದೇ: ಕುರಿ ಏನು ತಿಂದಿದೆ? ಎಳೆಜೋಳದ ಚಿಗುರು ತಿಂದದ್ದಕ್ಕೆ ಒಂದು ಉಪಾಯ, ಹಸಿ ಕಾಳು ತಿಂದದ್ದಕ್ಕೆ ಬೇರೆ ಉಪಾಯ. ಅದಕ್ಕಿದು ಇದಕ್ಕದು ಆದರೆ ಕುರಿ ಕೈಬಿಟ್ಟಂತೆಯೇ. ಮಂದಿಯ ಹೊಲಕ್ಕೆ ಕುರಿ ನುಗ್ಗಿಸಿದ ಕುರುಬರು ಮಾತ್ರ ಖರೆ ಹೇಳುವುದಿಲ್ಲ. ಹೊಲದವನಿಗೆ ಗೊತ್ತಾದರೆ ಪಂಚರ ಮುಂದೆ ನಿಲ್ಲಬೇಕಲ್ಲ! ಒಮ್ಮೆ ಮಲಕಾಜಪ್ಪ ಎಂಬಾತ ಹಾಗೆಯೇ ಏನೂ ತಿಂದಿಲ್ಲ, ಏನೂ ತಿಂದಿಲ್ಲ ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಅವನ ಹಿಂಡಿನ ಹೆಮ್ಮೆಯ ಟಗರು ಅತ್ತೆಯ ಕೈಯಲ್ಲೇ ಪ್ರಾಣ ಬಿಟ್ಟಿತು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಎಳೆಜೋಳ. ಅವತ್ತು ಆಕೆ ಬೈದ ಬೈಗುಳ ನದಿಯಾಚೆಗೂ ಕೇಳಿಸಿರಬೇಕು. ಟಗರನ್ನು ಕೊಂದದ್ದು ಜೋಳವಲ್ಲ, ನಿನ್ನ ಬಾಯಿ ಎಂದು ಆಕೆ ಅವನಿಗೆ ಅಂದದ್ದನ್ನು ಅಂಗಳದಲ್ಲಿದ್ದ ನಾವೆಲ್ಲ ಕೇಳಿದೆವು.

ಅತ್ತೆಯ ತಮ್ಮ ಮಾಳಿಂಗರಾಯ ಗಟ್ಟಿ ಆಳು. ಒಂದು ದಿನ ಕಬ್ಬು ಕಡಿಯುತ್ತಿದ್ದವನು ಎದೆ ಹಿಡಿದು ಕುಸಿದ, ಮತ್ತೆ ಏಳಲಿಲ್ಲ. ಆಕೆಯ ಅಪ್ಪನೂ ಹಾಗೆಯೇ ಹೋದವನಂತೆ. ದಿನಕರ್ಮ ಮುಗಿದ ಮೇಲೆ ಅತ್ತೆ ಯಾರಿಗೂ ಹೇಳದೆ ಜಮಖಂಡಿ ಬಸ್ ಹತ್ತಿ ಡಾಕ್ಟರ್ ವಿಶ್ವಾಸರ ದವಾಖಾನೆಗೆ ಹೋದಳು. ಅವರು ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಬಹಳ ಇದೆ, ನಿಮ್ಮ ಮನೆತನದ ರಕ್ತದಲ್ಲೇ ಇದು ಬಂದಿದೆ, ರಾತ್ರಿಗೊಂದು ಗುಳಿಗೆ ಬಿಡದೆ ತೆಗೆದುಕೊಳ್ಳಬೇಕು ಎಂದರು. ಬೇರೆಯವರಾಗಿದ್ದರೆ ಚೀಟಿ ತೆಗೆದುಕೊಂಡು ಎದ್ದು ಬರುತ್ತಿದ್ದರು. ಈಕೆ ಏಳಲಿಲ್ಲ. ಹೆಸರು ಗೊತ್ತಿಲ್ಲದ ಮದ್ದನ್ನು ತಾನು ಕುರಿಗೂ ಕೊಟ್ಟವಳಲ್ಲ, ಆದ್ದರಿಂದ ಹೆಸರು ಹೇಳಬೇಕು, ಅದೂ ಮೆಲ್ಲಗೆ ಹೇಳಬೇಕು ಎಂದು ಕೂತಳು.

ಡಾಕ್ಟರ್ ವಿಶ್ವಾಸ ತಾಳ್ಮೆಯ ಮನುಷ್ಯ. ಆಟೋರ್ವಸ್ಟ್ಯಾಟಿನ್ ಎಂದು ಬಿಡಿಸಿ ಹೇಳಿದರು. ಅರ್ಥ ಏನು ಎಂದು ಕೇಳಿದಳು. ಅವರು ನಕ್ಕು ಅದನ್ನೂ ಹೇಳಿದರು. ಸ್ಟ್ಯಾಟಿನ್ ಎನ್ನುವ ಬಾಲ ಇದೆಯಲ್ಲ, ಅದು ಮನೆತನದ ಹೆಸರು. ಹಳೆಯ ಭಾಷೆಯೊಂದರಲ್ಲಿ ನಿಲ್ಲಿಸು, ತಡೆ ಎನ್ನುವ ಮಾತಿನಿಂದ ಬಂದದ್ದು. ನಮ್ಮ ಪಿತ್ತಜನಕಾಂಗ ಕೊಬ್ಬು ತಯಾರಿಸುವ ಕೆಲಸವನ್ನು ಈ ಮನೆತನದವು ತಡೆಯುತ್ತವೆ. ಮುಂದಿನ ತಲೆ ಮಾತ್ರ ಒಂದೊಂದಕ್ಕೂ ಬೇರೆ ಬೇರೆ. ಕಂಪನಿಯವರು ಪೆಟ್ಟಿಗೆಯ ಮೇಲೆ ಹಾಕುವ ಹೆಸರುಗಳು ಮುದ್ದಿನ ಹೆಸರುಗಳಿದ್ದಂತೆ, ದಿನಕ್ಕೊಂದು ಬದಲಾದಾವು, ನೀವು ಈ ಹೆಸರನ್ನೇ ನೆನಪಿಡಿ ಎಂದರು. ಅತ್ತೆಗೆ ಅದು ತಕ್ಷಣ ಹಿಡಿಸಿತು. ನಮ್ಮಲ್ಲೂ ಹಾಗೆಯೇ: ಬೆಡಗು ಎನ್ನುವ ಕುಲದ ಹೆಸರು ಇಡೀ ಮನೆತನದ್ದು, ಸ್ವಂತ ಹೆಸರು ಅವರವರದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಬಂದಳಂತೆ, ಪಕ್ಕದವರು ಜಪ ಅಂದುಕೊಂಡಿರಬೇಕು.

ಮನೆಗೆ ಬಂದವಳು ಆ ಗುಳಿಗೆಯನ್ನು ತನ್ನ ಬೇರಿನ ಸಾಲಿಗೇ ಸೇರಿಸಿದಳು. ಚೀಟಿಯನ್ನು ಒಲೆಗೆ ಹಾಕಿದಳು. ಗುಳಿಗೆಯನ್ನು ಹಾಳೆಯಿಂದ ಬಿಡಿಸಿ ಹಿತ್ತಾಳೆಯ ಡಬ್ಬಿಗೆ ತುಂಬಿ, ಹಾಳೆಯನ್ನೂ ಒಲೆಗೆ ಹಾಕಿದಳು. ಮುಗಿದಾಗ ತಾನೇ ಜಮಖಂಡಿಗೆ ಹೋಗಿ, ಹೆಸರು ಎತ್ತದೆ, ಡಾಕ್ಟರ್ ವಿಶ್ವಾಸರ ಕೈಯಿಂದಲೇ ತರುತ್ತಿದ್ದಳು. ಯಾವ ಗುಳಿಗೆ, ಯಾತಕ್ಕೆ ಎಂದು ನಾವು ಕೇಳಿದರೆ, ತಾಕತ್ತಿಗೆ ಎನ್ನುತ್ತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಈಕೆಯ ಪಾಲಿಗೆ ಬಾಯಿ ಬಿಟ್ಟರೆ ಗುಣಗೇಡು. ಊರಿಗೆಲ್ಲ ಮಾತಾಡುವ ಹೆಂಗಸು ಅದೊಂದರ ಬಗ್ಗೆ ಮಾತ್ರ ಗಪ್ಪಾಗಿರುತ್ತಿದ್ದಳು.

ಹೋದ ವರ್ಷ ಚಳಿಯ ದಿನಗಳಲ್ಲಿ ಬೀಳಗಿಯ ಹತ್ತಿರ ಹೊಲದಲ್ಲಿ ಕುರಿ ನಿಲ್ಲಿಸಿದ್ದ ನೆಂಟರು ಆಕೆಯನ್ನು ಕರೆದುಕೊಂಡು ಹೋದರು. ಅಲ್ಲಿ ಥಂಡಿ ಹತ್ತಿ ಜ್ವರ, ಕೆಮ್ಮು ಬಂತು. ಅಲ್ಲಿಯ ಡಾಕ್ಟರು ಬೇರೆ ಗುಳಿಗೆ ಏನಾದರೂ ನಡೆದಿದೆಯೇ ಎಂದು ಕೇಳಿದರು, ಕೇಳಬೇಕಾದದ್ದನ್ನೇ ಕೇಳಿದರು. ಅತ್ತೆ ಏನೂ ಇಲ್ಲ ಎಂದಳು. ಅವರು ಸೋಂಕಿನ ಗುಳಿಗೆ ಬರೆದುಕೊಟ್ಟರು. ಜ್ವರ ಇಳಿಯಿತು, ಕಾಲು ಹಿಡಿಯಿತು. ನಮ್ಮ ಊರಿಗೆ ಬರುವ ಹೊತ್ತಿಗೆ ತೊಡೆ ಮುಟ್ಟಿದರೆ ನರಳುತ್ತಿದ್ದಳು. ಕೂತಲ್ಲಿಂದ ಏಳಲು ಮಾವನ ಹೆಗಲು ಬೇಕಾಯಿತು. ಬಚ್ಚಲಿಗೆ ಕರೆದುಕೊಂಡು ಹೋದಾಗ ನೋಡಿದೆ, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು. ಶಶಿಕಾಂತ ಕಬ್ಬಿನ ಟ್ರಾಲಿ ಬಿಚ್ಚಿ ಅಲ್ಲೇ ಬಿಟ್ಟು, ಯಾರದೋ ಜೀಪು ತಂದ. ಮುಂಜಾನೆ ಜಮಖಂಡಿಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಕೆಯನ್ನು ಮಲಗಿಸಿದೆವು.

ಡಾಕ್ಟರ್ ಕೇತಕಿ ಜಮಖಂಡಿಯ ಹಳೆಯ ಮನೆತನದ ಹುಡುಗಿ. ಮನೆಯಲ್ಲಿ ಮರಾಠಿ, ವಾರ್ಡಿನಲ್ಲಿ ನಮ್ಮ ಕನ್ನಡ. ಬೀಳಗಿಯ ಗುಳಿಗೆಯ ಹಾಳೆ ನೋಡಿದರು, ರಕ್ತದ ವರದಿ ನೋಡಿದರು, ಮುಖ ಗಂಭೀರವಾಯಿತು. ಮಾಂಸಖಂಡ ಒಡೆದು ರಕ್ತಕ್ಕೆ ಸೇರುತ್ತಿದೆ, ಕಿಡ್ನಿಗೆ ಅದರ ಭಾರ ಬೀಳುತ್ತಿದೆ ಎಂದು ನಮಗೆ ತಿಳಿಯುವಂತೆ ಹೇಳಿದರು. ಸಲೈನ್ ಹಚ್ಚಿಸಿ, ಮೊದಲಿನಿಂದ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಬೆಳ್ಳಗಿನ ಗುಳಿಗೆ, ರಾತ್ರಿಗೊಂದು, ತಾಕತ್ತಿಗೆ ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಆಕೆ ಹೋಗುತ್ತಿದ್ದದ್ದು ಡಾಕ್ಟರ್ ವಿಶ್ವಾಸರ ಹತ್ತಿರ ಎಂಬುದಷ್ಟೇ ನಮಗೆ ಗೊತ್ತಿತ್ತು. ಅವರು ಮಗಳ ಮದುವೆಗೆಂದು ಊರು ಬಿಟ್ಟಿದ್ದರು, ಅವರ ಫೋನು ಹತ್ತಲಿಲ್ಲ. ಡಬ್ಬಿಯಲ್ಲಿದ್ದ ಗುಳಿಗೆ ತಂದು ತೋರಿಸಿದರೆ, ಇಂಥ ಬಿಳಿ ಗುಳಿಗೆ ನೂರು ತರದ್ದಿವೆ ಎಂದರು ಕೇತಕಿ.

ಆಮೇಲೆ ಮಂಚದ ಅಂಚಿಗೆ ಕೂತು ಅತ್ತೆಗೇ ಹೇಳಿದರು.

“ಅಜ್ಜಿ, ಕೆಲವು ಗುಳಿಗಿ ಈ ಜ್ವರದ ಗುಳಿಗಿ ಕೂಡ ಕೂಡಿದ್ರ ಹಿಂಗ ಆಗತೈತಿ. ಅಂಥಾದ್ದಿದ್ರ ಈಗಿಂದೀಗ ನಿಲ್ಲಸಬೇಕು. ಅದಲ್ಲದ ಬಿ.ಪಿ.ದು, ಎದಿದು ಇದ್ರ ನಿಲ್ಲಿಸಿದ್ರ ಬ್ಯಾರೆನ ಅಪಾಯ. ನಾ ಊಹಾ ಮಾಡಬೋದು. ಊಹಾದ ಮ್ಯಾಲೆ ನಿಮ್ಮ ಜೀವ ಇಡಾಕ ನನಗ ಮನಸಿಲ್ಲ.”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಕೈ ಹಿಡಿದು ಬೇಡಿಕೊಂಡೆ. ಶಶಿಕಾಂತ ಮೊದಲು ಸಮಾಧಾನದಿಂದ, ಆಮೇಲೆ ಸಿಟ್ಟಿನಿಂದ ಕೇಳಿದ. ಆ ಹೆಸರು ಹೇಳಿದರೆ ಗುಳಿಗೆಯ ಗುಣ ಹೋಗುತ್ತದೆ, ಮಾಳಿಂಗರಾಯ ಹೋದ ದಾರಿಯಲ್ಲೇ ನನ್ನನ್ನೂ ಕಳಿಸಬೇಕೆಂದಿದ್ದೀರೇನು ಎಂದಷ್ಟೇ ಆಕೆ ಗೊಣಗಿದಳು. ಆಗ ನನಗೆ ಡಬ್ಬಿಯ ಗುಟ್ಟು ತಿಳಿಯಿತು, ತಿಳಿದು ತಲೆ ಚಚ್ಚಿಕೊಳ್ಳುವಂತಾಯಿತು. ಬೇರಿಗಿರುವ ಕಟ್ಟನ್ನು ಕಾರ್ಖಾನೆಯ ಗುಳಿಗೆಗೂ ಹಾಕಿದವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ! ಕೇತಕಿ ಮಾತ್ರ ನಗಲಿಲ್ಲ. ಹಾಗಾದರೆ ನನ್ನ ಕಿವಿಯಲ್ಲಿ ಹೇಳಿ ಎಂದರು. ಕಿವಿಯಲ್ಲಿ ಹೇಳಿದರೆ ಗುಣ ನಿಮ್ಮ ಪಾಲಾಗುತ್ತದೆ, ನಿಮಗೆ ಅದರ ಗರಜು ಇಲ್ಲ, ನನಗಿದೆ ಎಂದು ಅತ್ತೆ ಉತ್ತರ ಕೊಟ್ಟಳು.

ಅಷ್ಟು ಹೊತ್ತು ಬಾಗಿಲ ಬಳಿ ಕಂಬಳಿ ಹೊದ್ದು ನಿಂತಿದ್ದ ಮಾವ ಮಂಚದ ಹತ್ತಿರ ಬಂದ. ಆತ ಹೆಂಡತಿಗೆ ಮಂದಿಯ ಮುಂದೆ ಎದುರಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

“ಕುರಿ ಏನ್ ತಿಂದೈತಿ ಅಂತ ಹೇಳದ ಕುರುಬಗ ನೀ ಏನಂತಿದ್ದಿ?” ಎಂದು ಕೇಳಿದ.

ಇಷ್ಟೇ. ಕೇಳಿ ಮತ್ತೆ ಬಾಗಿಲ ಬಳಿ ಹೋಗಿ ನಿಂತ. ಅತ್ತೆಯ ಕಣ್ಣಿನ ತುದಿಯಿಂದ ನೀರು ಇಳಿದು ದಿಂಬಿಗೆ ಹೋಯಿತು. ಅದನ್ನು ಒರೆಸಲು ಹೋದ ನನ್ನ ಕೈಯನ್ನು ದೂಡಿ, ಎಬ್ಬಿಸಿ ಕೂರಿಸು ಎಂದಳು. ಕೂರಿಸಿದೆ. ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ಡಾಕ್ಟರ ಕಿವಿ ಬೇಡವೆಂದಳು. ಹೇಳುವುದಾದರೆ ಕದ್ದು ಯಾಕೆ ಹೇಳಬೇಕು?

“ಆಟೋರ್ವಸ್ಟ್ಯಾಟಿನ್,” ಎಂದಳು, ಇಡೀ ವಾರ್ಡಿಗೆ ಕೇಳುವಂತೆ. “ರಾತ್ರಿ ಉಂಡ ಮ್ಯಾಲೆ ಒಂದ. ಸ್ಟ್ಯಾಟಿನ್ ಅಂದ್ರ ಬೆಡಗು. ಕೊಬ್ಬು ತಡಿಯೂ ಬೆಡಗು.”

ಆಚೆ ಮಂಚದ ರೋಗಿಗಳು ಎದ್ದು ಕೂತು ನೋಡಿದರು. ಹೆಮ್ಮೆ ಎಂದರೆ ಏನು ಎಂದು ಯಾರಾದರೂ ಅವತ್ತು ನನ್ನನ್ನು ಕೇಳಿದ್ದರೆ, ಆ ಮಂಚದ ಮೇಲೆ ನೆಟ್ಟಗೆ ಕೂತಿದ್ದ ಮುದುಕಿಯನ್ನು ತೋರಿಸುತ್ತಿದ್ದೆ. ಕೇತಕಿ ಎದ್ದು ನಿಂತವರೇ ಎರಡೂ ಗುಳಿಗೆ ನಿಲ್ಲಿಸಲು ಹೇಳಿದರು. ಫೋನಿನಲ್ಲಿ ಮೇಲಿನ ಡಾಕ್ಟರಿಗೆ, ಪೇಶಂಟ್ ಆನ್ ಸ್ಟ್ಯಾಟಿನ್ ಇದ್ದಾರೆ ಎಂದರು. ಅತ್ತೆ ನನ್ನನ್ನು ಹತ್ತಿರ ಕರೆದು ಅದರ ಅರ್ಥ ಕೇಳಿದಳು. ಆ ಗುಳಿಗೆ ತೆಗೆದುಕೊಳ್ಳುತ್ತಿರುವವರ ಬಗ್ಗೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ, ಆನ್ ಎಂದರೆ ಮೇಲೆ ಎಂದೆ. ಕುದುರೆ ಮೇಲೆ ಅಂದ ಹಾಗೆ ಅನ್ನು ಎಂದಳು. ಅಂಥ ಹೊತ್ತಿನಲ್ಲೂ ಶಶಿಕಾಂತನಿಗೆ ನಗು ಬಂತು.

ಕಿಡ್ನಿ ಉಳಿಯಿತು. ಕಾಲು ನಿಧಾನವಾಗಿ ಮಾತು ಕೇಳತೊಡಗಿತು. ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಆಮೇಲೆ ನನ್ನನ್ನು ಬೈಯುತ್ತ ನಡೆದಳು. ರಕ್ತ ತಿಳಿಯಾದ ಮೇಲೆ ಕೇತಕಿ ಮತ್ತು ಊರಿಗೆ ಮರಳಿದ್ದ ವಿಶ್ವಾಸ ಮಾತಾಡಿಕೊಂಡು ಬೇರೆ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದರು. ಮಂದಿ ತುಂಬಿದ್ದ ಕೋಣೆಯಲ್ಲಿ ಕೇತಕಿ ಅದರ ಹೆಸರನ್ನು ದೊಡ್ಡದಾಗಿಯೇ ಹೇಳಿದರು: ರೋಸುವಸ್ಟ್ಯಾಟಿನ್. ಅದೇ ಬೆಡಗಿನದು, ಅಜ್ಜಿ, ತಲೆಯಷ್ಟೇ ಬೇರೆ ಎಂದರು. ಅತ್ತೆ ಸುಮ್ಮನೆ ತಲೆ ಆಡಿಸಿದಳು. ದಿನಾ ರಾತ್ರಿ ತಪ್ಪದೆ ನುಂಗಿದಳು. ಬೇರೆ ಡಾಕ್ಟರು ಯಾವ ಗುಳಿಗೆ ಕೊಟ್ಟರೂ ಮೊದಲು ಇದರ ಹೆಸರು ಹೇಳಬೇಕೆಂದು ಅವರು ಹೇಳಿದ್ದನ್ನೂ ಒಪ್ಪಿಕೊಂಡಳು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಆ ತಿಂಗಳುಗಳಲ್ಲಿ ಆಕೆ ಒಂದಿಷ್ಟು ವಿಚಿತ್ರವಾಗಿಯೇ ಇದ್ದಳು. ತಿಮ್ಮಾಪುರದ ತಂಗಿಯ ಮನೆಗೆ ಹೋಗಿ ಬಂದಳು, ವರ್ಷಗಟ್ಟಲೆ ಮಾತು ಬಿಟ್ಟಿದ್ದ ನಾದಿನಿಯ ಮನೆಗೂ ಹೋಗಿ ಬಂದಳು. ಬನಹಟ್ಟಿಯಿಂದ ನನಗೊಂದು ಸೀರೆ ತಂದಳು, ಹಬ್ಬವಲ್ಲ ಹುಣ್ಣಿಮೆಯಲ್ಲ. ಮಲಕಾಜಪ್ಪನನ್ನು ಕರೆದು ಚಹಾ ಕೊಟ್ಟಳು. ಒಂದು ದಿನ ಸೂರ್ಯ ಮೂಡುವ ಮೊದಲು ನನ್ನನ್ನು ಎಬ್ಬಿಸಿ ಹಳ್ಳದ ದಡಕ್ಕೆ ಕರೆದುಕೊಂಡು ಹೋದಳು. ಬೇರು ತೋರಿಸಿದಳು, ಅಗೆಯುವ ರೀತಿ ತೋರಿಸಿದಳು, ಕಿವಿಯಲ್ಲಿ ಹೆಸರು ಹೇಳಿದಳು. ನಾನು ಉಬ್ಬಿಹೋದೆ. ಕಡೆಗೂ ನನ್ನ ಕೈ ಆಕೆಗೆ ಮೆಚ್ಚಿಗೆಯಾಯಿತು ಎಂದು ತವರಿಗೆಲ್ಲ ಫೋನು ಮಾಡಿ ಹೇಳಿಕೊಂಡೆ. ಹೆಸರು ಮಾತ್ರ ಹೇಳಲಿಲ್ಲ.

ಮತ್ತೆ ರಕ್ತ ಪರೀಕ್ಷೆಯ ದಿನ ಬಂತು. ಕೇತಕಿ ವರದಿ ನೋಡಿ, ಬಹಳ ಛಲೋ ಇಳಿದಿದೆ, ಮೊದಲಿನ ಗುಳಿಗೆಯ ಹೊತ್ತಿನಲ್ಲಿ ಇದ್ದದ್ದಕ್ಕಿಂತಲೂ ಚೆನ್ನಾಗಿದೆ ಎಂದರು. ಅತ್ತೆ ನಂಬಲಿಲ್ಲ. ಇನ್ನೊಮ್ಮೆ ಓದಲು ಹೇಳಿದಳು. ಅವರು ಓದಿದರು. ವರದಿಯ ಮೇಲೆ ತನ್ನದೇ ಹೆಸರು ಇದೆಯೇ ಎಂದು ನನ್ನಿಂದ ಓದಿಸಿದಳು. ಆಮೇಲೆ ಎದ್ದು ಹೊರಗೆ ನಡೆದಳು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಗಳಗಳನೆ ಅತ್ತಳು.

ಏನಾಯಿತು ಎಂದು ಗಾಬರಿಯಿಂದ ಕೇಳಿದೆ.

“ಆ ಬೆಡಗಿನ ಹೆಸರ ಹೇಳಿದ ದಿನಾನ ಅದರ ಗುಣ ಹೋತು ಅಂತ ತಿಳಕೊಂಡಿದ್ದೆ,” ಎಂದಳು. “ಈ ಗುಳಿಗಿ ನುಂಗಿದ್ದು ನಿಮ್ಮ ಸಮಾಧಾನಕ್ಕ. ಇವತ್ತ ಹೋಗತೇನಿ, ನಾಳೆ ಹೋಗತೇನಿ ಅಂತನ ದಿನಾ ಮಲಗತಿದ್ದೆ.”

ತಂಗಿಯ ಮನೆ, ನಾದಿನಿಯ ಮನೆ, ಸೀರೆ, ಚಹಾ ಎಲ್ಲ ಒಮ್ಮೆಲೇ ನನ್ನ ಕಣ್ಣ ಮುಂದೆ ಬಂದು ನಿಂತವು. ನನಗೆ ಮದ್ದು ಕಲಿಸಿದ್ದೂ ಅದಕ್ಕೇ ಏನು ಎಂದು ಕೇಳಿದೆ. ಮತ್ತೆ? ಹೋಗುವಾಗ ಕಟ್ಟಿಕೊಂಡು ಹೋಗಲೇನು ಎಂದು ಗದರಿದಳು. ನಾನು ತವರಿಗೆ ಮಾಡಿದ ಫೋನುಗಳೆಲ್ಲ ನೆನಪಾಗಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಆಕೆಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ಬೆಂಚಿನ ಮೇಲೆ ಕರಗಿತು. ಸಾಯುತ್ತೇನೆ ಎಂದು ನಂಬಿಕೊಂಡೇ ಅವತ್ತು ಹೆಸರು ಹೇಳಿದಿರಲ್ಲ, ಯಾಕೆ ಎಂದು ಕೇಳಿದೆ.

“ನಿಮ್ಮ ಮಾವ ಕೇಳಿದ್ದು ಖರೆ ಇತ್ತು. ಖರೆ ಮಾತಿಗೆ ಜವಾಬ ಕೊಡದ ಬಾಯಿ ಇಟಗೊಂಡು ಎಷ್ಟ ದಿನಾ ಬದಕಲಿ?”

ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತು ಕಬ್ಬಿನ ಗದ್ದೆ ನೋಡುತ್ತ ಬಂದಳು. ನಾನು ಆಕೆಯನ್ನೇ ನೋಡುತ್ತ ಬಂದೆ. ಇಂಥವಳ ಸೊಸೆ ನಾನು ಎಂದು ಎದುರಿನ ಸೀಟಿನವರಿಗೆ ಹೇಳಬೇಕೆನಿಸಿತು, ಹೇಳಿದೆ ಕೂಡ. ಪಾಪ, ಆ ಮನುಷ್ಯ ಸೀಟು ಬೇಕೇನೋ ಎಂದುಕೊಂಡು ಸರಿದು ಕೂತ.

ಊರಲ್ಲಿ ಇಳಿದವಳು ಮನೆಯ ಕಡೆ ತಿರುಗಲಿಲ್ಲ. ನೇರ ಪದ್ಮವ್ವನ ಮನೆಗೆ ನಡೆದಳು. ಪದ್ಮವ್ವ ನಮ್ಮ ಓಣಿಯವಳೇ, ಸಕ್ಕರೆ ಕಾಯಿಲೆಯವಳು. ಅತ್ತೆಯ ಮಾತು ಕೇಳಿ ಆಕೆಯೂ ತನ್ನ ಗುಳಿಗೆಯ ಹೆಸರನ್ನು ಮಕ್ಕಳಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದವಳ ಮುಂದೆ ಅತ್ತೆ ಹೋಗಿ ನಿಂತು, ನೀನು ತೆಗೆದುಕೊಳ್ಳುವ ಗುಳಿಗೆಯ ಹೆಸರು ಏನು ಎಂದು ಕೇಳಿದಳು. ಪದ್ಮವ್ವ ಗಾಬರಿಯಾಗಿ ಅತ್ತಿತ್ತ ನೋಡಿ, ಹೇಳಬಾರದೆಂದು ನೀನೇ ಹೇಳಿದ್ದೆಯಲ್ಲ ಅಕ್ಕಾ ಎಂದಳು.

“ಹೇಳವಾ,” ಎಂದಳು ಅತ್ತೆ. “ನಾ ಹೇಳಿ ಬದುಕೇನಿ.”

ಪದ್ಮವ್ವ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಆಕೆ ಸೆರಗು ಬಾಯಿಗೆ ಹಿಡಿದು, ತಡವರಿಸುತ್ತ, ಪಿಸುಮಾತಿನಲ್ಲಿ ಹೆಸರು ಹೇಳಿದಳು. ಒಳಗಿನಿಂದ ಆಕೆಯ ಮಕ್ಕಳು ಹೊರಗೆ ಬಂದು ನಿಂತಿದ್ದರು.

ಅತ್ತೆ ಆಕೆಯ ಬಾಯಿಂದ ಸೆರಗನ್ನು ಮೆಲ್ಲಗೆ ಸರಿಸಿ, “ಇನ್ನ ಜೋರ ಹೇಳು” ಎಂದಳು.